ಏಳು ಹಂಗಿಗೆ ಆರು ಮೊಟ್ಟೆ

ಚುನಾವಣೆಯ ದಿನ ಬೆಳಗ್ಗೆ ಹಲ್ಲುಜ್ಜುತ್ತ ಕಾರ್ಪಿಂಗ್ ಬೆರಳು ಮಡಿಸಿ ಎಣಿಸಿದ. ಏಳು ಬಂತು. ಬಾಯಿ ಮುಕ್ಕಳಿಸಿ ಮತ್ತೆ ಎಣಿಸಿದ. ಆಗಲೂ ಏಳೇ.

ಮನಿಲಾ ನಗರಸಭೆಗೆ ಅವರ ವಿಭಾಗದಿಂದ ಆರು ಜನ ಕೌನ್ಸಿಲರ್‌ಗಳು ಆರಿಸಿ ಹೋಗಬೇಕು. ಮತಪತ್ರದಲ್ಲಿ ಒಂದೊಂದು ಹೆಸರಿನ ಪಕ್ಕದಲ್ಲೂ ಒಂದು ಪುಟ್ಟ ಮೊಟ್ಟೆ ಬರೆದಿರುತ್ತದೆ. ಬೇಕಾದವರ ಮೊಟ್ಟೆಗೆ ಕಪ್ಪು ತುಂಬಬೇಕು. ಆರಕ್ಕಿಂತ ಕಡಿಮೆ ತುಂಬಿದರೆ ಚಿಂತೆಯಿಲ್ಲ. ಏಳಾದರೆ ಮಾತ್ರ ಅಷ್ಟೂ ಹಾಳು, ಒಂದೂ ಲೆಕ್ಕಕ್ಕೆ ಬರುವುದಿಲ್ಲ. ಈ ಸಲ ನಿಂತವರು ಹದಿನಾಲ್ಕು ಜನ. ಅವರಲ್ಲಿ ಏಳು ಜನರ ಹಂಗು ಕಾರ್ಪಿಂಗನ ತಲೆಯ ಮೇಲಿತ್ತು.

ಕಲಾಚುಚಿ ಓಣಿಯ ಬಾಯಲ್ಲಿ ಮೇಜು ಹಾಕಿಕೊಂಡು ಫ್ಯಾನ್ ರಿಪೇರಿ ಮಾಡುವ ಬಡಪಾಯಿಗೆ ಏಳು ಹಂಗು ಎಲ್ಲಿಂದ ಬಂತು ಎಂದರೆ, ಐವತ್ತೆರಡು ವರ್ಷ ಬದುಕಿದ್ದರಿಂದ ಬಂತು. ಅಪ್ಪ ಸತ್ತಾಗ ಹೆಣ ಕಾಯಲು ಬಂದವರಿಗೆ ಶಾಮಿಯಾನ, ಕುರ್ಚಿ, ಐದು ದಿನದ ಕಾಫಿ ಕಳಿಸಿದವನು ಲುಸಾರಿಯಾ. ಹೆಂಡತಿ ಪುರಿಂಗಳ ಹೊಟ್ಟೆಯ ಕಲ್ಲು ತೆಗೆಯಲು ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದು ಡಾಕ್ಟರ್ ಮಗ್ಪಂತಾಯ್ ಬರೆದುಕೊಟ್ಟ ಚೀಟಿಯಿಂದ. ಮಗಳ ಕಾಲೇಜಿನ ಸೀಟಿಗೆ ಫೋನ್ ಮಾಡಿದವನೊಬ್ಬ, ಓಣಿಗೆ ಬೆಂಕಿ ಬಿದ್ದಾಗ ನೀರಿನ ಗಾಡಿಯನ್ನು ಎಳೆತಂದವನೊಬ್ಬ, ಅವನ ಮದುವೆಯಲ್ಲಿ ತಂದೆಯ ಸ್ಥಾನದಲ್ಲಿ ನಿಂತವರ ಮಗನೊಬ್ಬ. ಆರನೆಯವನು ಓಣಿಯ ಕೊನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ನೆಡಿಸಿದ್ದ. ಕಾರ್ಪಿಂಗ್ ಯಾವತ್ತೂ ಚೆಂಡು ಮುಟ್ಟಿದವನಲ್ಲ. ಆದರೆ ಆ ಕಂಬಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದ. ಹಂಗು ಹಂಗೇ.

ಏಳನೆಯವಳು ನಾನಾಯ್ ಗೊರಿಯಾ. ನಾನಾಯ್ ಎಂದರೆ ತಾಯಿ. ಅವಳು ಅವನ ತಾಯಿಯಲ್ಲ, ಓಣಿಯ ಸೂಲಗಿತ್ತಿ. ಅವನ ಮೂರು ಮಕ್ಕಳನ್ನೂ ಭೂಮಿಗೆ ಇಳಿಸಿಕೊಂಡವಳು ಅವಳೇ. ಮೂರನೆಯದು ಕಾಲು ಮುಂದಾಗಿ ಬರುತ್ತಿದ್ದಾಗ ಓಣಿಯಲ್ಲಿ ಸೊಂಟದವರೆಗೆ ನೀರು ನಿಂತಿತ್ತು. ಕತ್ತರಿ, ಬಟ್ಟೆ, ಬಿಸಿನೀರಿನ ಫ್ಲಾಸ್ಕು ಎಲ್ಲವನ್ನೂ ಮೀನಿನ ಡಬ್ಬಿಯ ಥರ್ಮೋಕೋಲ್ ಮುಚ್ಚಳದ ಮೇಲಿಟ್ಟು ತೇಲಿಸುತ್ತ, ತಾನು ನೀರಲ್ಲಿ ನಡೆದು ಬಂದಿದ್ದಳು. ಓಣಿಗೊಂದು ಹೆರಿಗೆ ಕೋಣೆ ಬೇಕು ಎಂದು ಹನ್ನೆರಡು ವರ್ಷ ಅರ್ಜಿ ಕೊಟ್ಟು ಸಾಕಾಗಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತಾನೇ ನಿಂತಿದ್ದಳು.

ಆ ಊರಲ್ಲಿ ಕಳ್ಳ ಎಂದರೆ ಜನ ಜಗಳಕ್ಕೆ ಬರುತ್ತಾರೆ. ಋಣಗೇಡಿ ಎಂದರೆ ಮನೆ ಖಾಲಿ ಮಾಡುತ್ತಾರೆ. ಕಾರ್ಪಿಂಗನಿಗೆ ಹೋಗಲು ಬೇರೆ ಮನೆ ಇರಲಿಲ್ಲ.

ನೀನು ಯಾರನ್ನು ಬಿಡುತ್ತೀಯ ಎಂದು ಪುರಿಂಗಳನ್ನು ಕೇಳಿದ. ಅವಳು ಒಲೆಯ ಕಡೆ ತಿರುಗಿಕೊಂಡು, ಮತ ಅನ್ನೋದು ಗುಟ್ಟು, ಗಂಡನಿಗೂ ಹೇಳಬಾರದು ಎಂದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಗುಟ್ಟು ಕಾಪಾಡಿದ್ದು ಅದೇ ಮೊದಲು.

ಮನೆಯಿಂದ ಶಾಲೆಗೆ ನಾಲ್ಕು ನಿಮಿಷದ ದಾರಿ. ಅವತ್ತು ಒಂದು ಗಂಟೆ ಹಿಡಿಯಿತು. ಲುಸಾರಿಯಾನ ಪರವಾಗಿ ಓಡಾಡುತ್ತಿದ್ದ ಚಿಲ್ಲರೆ ಅಂಗಡಿಯ ಆತೆ ವಾಂಜಿ ಅವನನ್ನು, ಆತೆ ಎಂದರೆ ಅಕ್ಕ, ಆ ಅಧಿಕಾರದಿಂದ ಒಳಗೆಳೆದು, ಕುಡಿಯಲು ಕಾಫಿ ಕೊಟ್ಟು, ಅವನ ಅಪ್ಪನ ಸಾವನ್ನು ಮೊದಲಿನಿಂದ ನೆನಪಿಸಿದಳು. ಮರೀತೀನಾ ಆತೆ, ಖಂಡಿತ ಹಾಕ್ತೀನಿ ಎಂದ. ಹತ್ತು ಹೆಜ್ಜೆ ಆಚೆ, ಜೀಪ್ನಿ ಓಡಿಸಿ ನಿವೃತ್ತನಾದ ದೆನ್ಸಿಯೊ ಅವನ ಹೆಗಲಿಗೆ ಕೈ ಹಾಕಿ, ಪುರಿಂಗಳ ಹೊಟ್ಟೆ ಈಗ ಹೇಗಿದೆ ಎಂದು ಕೇಳಿದ. ದೆನ್ಸಿಯೊ ಡಾಕ್ಟರ ಕಡೆಯವನು. ಖಂಡಿತ ಪಾರೆ, ಎಂದ ಕಾರ್ಪಿಂಗ್ ಗೆಳೆಯನಿಗೆ. ಹೀಗೆ ಆರು ಬಾಗಿಲಲ್ಲಿ ಆರು ಖಂಡಿತ ಹೇಳಿ ಮುಗಿಸುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಏಳನೆಯ ಬಾಗಿಲಲ್ಲಿ ನಾನಾಯ್ ಗೊರಿಯಾ ಗೆಣಸಿನ ಸಿಪ್ಪೆ ಹೆರೆಯುತ್ತ ಕೂತಿದ್ದಳು. ಅವನು ತಾನಾಗಿಯೇ ನಿಂತ. ಖಂಡಿತ ಎನ್ನಲು ಬಾಯಿ ತೆರೆದಿದ್ದ.

"ತಿಂಡಿ ಆಯ್ತೇನೋ? ಬಿಸಿಲೇರೋ ಮುಂಚೆ ಹೋಗ್ಬಾ. ಆ ಶಾಲೇಲಿ ಫ್ಯಾನೇ ತಿರುಗಲ್ಲ" ಎಂದಳು ಅವಳು. ಅಷ್ಟೇ. ಮತ್ತೆ ಗೆಣಸಿಗೆ ಕೈ ಹಾಕಿದಳು.

ಅವನ ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು. ಇಡೀ ಓಣಿಯಲ್ಲಿ ಏನನ್ನೂ ಕೇಳದವಳು ಅವಳೊಬ್ಬಳೇ. ಅವಳು ಬೇಜಾರು ಮಾಡಿಕೊಳ್ಳುವವಳಲ್ಲ. ಅವಳಿಗೆ ಹಾಕಲು ಓಣಿಗೆ ಓಣಿಯೇ ಇದೆ. ಒಂದು ಮತ ಹೋದರೆ ಕಡಲಿನಿಂದ ಒಂದು ಚೊಂಬು ನೀರು ಹೋದ ಹಾಗೆ. ನಿರ್ಧಾರವಾಗಿಹೋಯಿತು.

ಶಾಲೆಯ ಕೋಣೆಯಲ್ಲಿ, ಒಂದನೆಯ ಕ್ಲಾಸಿನ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು, ಅವನು ಆರು ಮೊಟ್ಟೆ ತುಂಬಿದ. ಏಳನೆಯದರ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಅವಳ ಹೆಸರಿನ ಪಕ್ಕದ ಆ ಖಾಲಿ ಮೊಟ್ಟೆ ಹೆರಿಗೆಗೆ ಕಾದಿರುವ ಹಾಗೆ ಕಾಣಿಸಿತು. ಹಣೆಯಿಂದ ಒಂದು ಹನಿ ಬೆವರು ಜಾರಿ ಕಾಗದದ ಮೇಲೆ ಬಿತ್ತು.

ಯಂತ್ರ ಆ ಕಾಗದವನ್ನು ನುಂಗಲಿಲ್ಲ. ತಲೆಕೆಳಗು ಮಾಡಿ ಕೊಟ್ಟರೂ ವಾಪಸು ಉಗುಳಿತು. ಚುನಾವಣೆ ಕೆಲಸಕ್ಕೆ ಕೂತಿದ್ದ ಮೇಷ್ಟರಮ್ಮ ಕಾಗದ ಒದ್ದೆಯಾಗಿದೆ, ಒಣಗುವವರೆಗೆ ಗುಟ್ಟಿನ ರಟ್ಟಿನೊಳಗೆ ಮುಚ್ಚಿ ಹಿಡಿದುಕೊಂಡು ಪಕ್ಕಕ್ಕೆ ನಿಲ್ಲಿ ಎಂದರು. ಸಾಲಿನಲ್ಲಿದ್ದವರು ತಮ್ಮ ತಮ್ಮ ಅಭ್ಯರ್ಥಿಗಳ ಪ್ರಚಾರದ ಕಾಗದದಿಂದ ಅವನ ಮತಪತ್ರಕ್ಕೆ ಗಾಳಿ ಹಾಕತೊಡಗಿದರು. ಫ್ಯಾನ್ ರಿಪೇರಿಯವನಿಗೇ ಗಾಳಿ ಹಾಕೋ ಕಾಲ ಬಂತಲ್ಲ ಎಂದು ಯಾರೋ ಅಂದರು. ಕಾರ್ಪಿಂಗ್ ರಟ್ಟನ್ನು ಎದೆಗೆ ಅವುಚಿಕೊಂಡ. ಇಷ್ಟು ಜನರ ಎದುರಿಗೆ ಈ ರಟ್ಟು ಜಾರಿದರೆ ಎಂದು ಯೋಚಿಸಿ ಮತ್ತಷ್ಟು ಬೆವೆತ. ಕಾಗದ ಒಣಗಲು ಇಪ್ಪತ್ತು ನಿಮಿಷವಾಯಿತು. ಐದನೆಯ ಸಲಕ್ಕೆ ಯಂತ್ರ, ಕಹಿ ಮದ್ದು ಕುಡಿಯುವ ಮಗುವಿನ ಹಾಗೆ, ಅದನ್ನು ನುಂಗಿತು. ಬೆರಳಿಗೆ ಶಾಯಿ ಬಿತ್ತು.

ಗೆದ್ದು ಬಂದವನ ಹಾಗೆ ಮೇಜಿಗೆ ಮರಳಿ ಬಿಚ್ಚಿಟ್ಟಿದ್ದ ಫ್ಯಾನ್ ಮುಂದೆ ಕೂತ. ಮಧ್ಯಾಹ್ನ ಎರಡಕ್ಕೆ ಪರಿಮಳ ಶುರುವಾಯಿತು. ನಾನಾಯ್ ಗೊರಿಯಾ ದೊಡ್ಡ ಪಾತ್ರೆಯಲ್ಲಿ ತೆಂಗಿನ ಹಾಲು ಕಾಯಿಸಿ, ಗೆಣಸು, ಬಾಳೆಹಣ್ಣು, ಸಾಬೂದಾನಿ, ಹಲಸಿನ ತೊಳೆ ಹಾಕಿ ಗಿನತಾನ್ ಮಾಡುತ್ತಿದ್ದಳು. ಯಾರಿಗಜ್ಜೀ ಎಂದು ಕೇಳಿದ ಮಕ್ಕಳಿಗೆ, ಓಣಿಗೆಲ್ಲ, ಆದರೆ ಮತದಾನ ಮುಗಿಯೋವರೆಗೂ ಒಂದು ಚಮಚವನ್ನೂ ಕೊಡೋ ಹಾಗಿಲ್ಲ, ಕಾನೂನು ಎಂದಳಂತೆ. ಗೆದ್ದರೂ ಸರಿ, ಸೋತರೂ ಸರಿ, ಬಿಸಿಲಲ್ಲಿ ಹೋಗಿ ಸಾಲಲ್ಲಿ ನಿಂತರಲ್ಲ, ಅದಕ್ಕೆ ಎಂದಳಂತೆ. ಬೆಳಗ್ಗೆ ಓಣಿಯಲ್ಲಿ ಆರು ಮನೆಯವರು ಕಾಫಿ ಹಂಚಿದ್ದರು. ಕಾನೂನು ನೆನಪಿದ್ದದ್ದು ಇವಳೊಬ್ಬಳಿಗೆ.

ಆ ಪರಿಮಳ ಓಣಿಯ ಒಂದೊಂದೇ ಮನೆಯ ಒಳಹೊಕ್ಕು ಹೊರಬಂತು. ಕಾರ್ಪಿಂಗ್ ಒಂದು ಫ್ಯಾನಿನ ರೆಕ್ಕೆಯನ್ನು ಮೂರು ಸಲ ತಿರುಗುಮುರುಗಾಗಿ ಕೂರಿಸಿದ. ಸ್ವಿಚ್ಚು ಹಾಕಿದರೆ ಅದು ಗಾಳಿಯನ್ನು ಹಿಂದಕ್ಕೆ ಬಿಟ್ಟಿತು. ಸುತ್ತ ನೋಡಿದ. ಯಾವತ್ತೂ ಗಲಾಟೆಯಿರುವ ಓಣಿಯಲ್ಲಿ ಇವತ್ತು ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಅದು ಬಿಸಿಲಿಗೆ ಎಂದುಕೊಂಡ.

ಏಳಕ್ಕೆ ಮತದಾನ ಮುಗಿಯಿತು. ಸ್ವಲ್ಪ ಹೊತ್ತಿನಲ್ಲೇ ಯಂತ್ರ ತನ್ನ ಲೆಕ್ಕವನ್ನು ಉದ್ದ ಚೀಟಿಯಲ್ಲಿ ಅಚ್ಚು ಹಾಕಿತು. ಅವರ ಕೋಣೆಯ ಫಲಿತಾಂಶವನ್ನು ಮೇಷ್ಟರಮ್ಮ ಹೊರಗಿನ ಗೋಡೆಗೆ ಅಂಟಿಸಿದರು. ದೆನ್ಸಿಯೊ ಅದನ್ನು ಕಾಗದದ ಮೇಲೆ ಬರೆದುಕೊಂಡು ಓಣಿಗೆ ಬಂದ. ಆಗಲೇ ಎಲ್ಲರೂ ನಾನಾಯ್ ಗೊರಿಯಾಳ ಬಾಗಿಲಲ್ಲಿ ತಟ್ಟೆ ಹಿಡಿದು ಸೇರಿದ್ದರು. ಮತ ಹಾಕಿದ್ದವರು ನಾನೂರ ಹನ್ನೆರಡು ಜನ. ದೆನ್ಸಿಯೊ ಓದತೊಡಗಿದ. ಲುಸಾರಿಯಾಗೆ ಮುನ್ನೂರ ತೊಂಬತ್ತು. ಡಾಕ್ಟರಿಗೆ ಮುನ್ನೂರ ಎಂಬತ್ತೊಂದು. ಬ್ಯಾಸ್ಕೆಟ್‌ಬಾಲ್ ಕಂಬಕ್ಕೆ ಮುನ್ನೂರ ಅರವತ್ತು. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು. ಕೊನೆಯ ಹೆಸರಿಗೆ ಬಂದು ನಿಂತುಬಿಟ್ಟ.

"ಓದೋ, ಪರವಾಗಿಲ್ಲ" ಎಂದಳು ನಾನಾಯ್.

"ಗ್ರೆಗೊರಿಯಾ ಮಲಿಕ್ಸಿ" ಎಂದ ದೆನ್ಸಿಯೊ. "ಒಂದು."

ಅಲ್ಲಿ ನಿಂತಿದ್ದ ನಲವತ್ತು ಜನರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಗಿನತಾನ್ ಮಾತ್ರ ಬುಳಬುಳ ಕುದಿಯುತ್ತಿತ್ತು. ಪುರಿಂಗ್ ಗಂಡನನ್ನು ನೋಡಿದಳು, ಗಂಡ ಪುರಿಂಗಳನ್ನು ನೋಡಿದ. ಬೆಳಗ್ಗಿನ ಗುಟ್ಟು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವಳು ಬೇಜಾರು ಮಾಡಿಕೊಳ್ಳುವವಳಲ್ಲ ಎಂದು ಓಣಿಯ ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಎಲ್ಲರೂ ಒಂದೊಂದು ಚೊಂಬು ತೆಗೆದಿದ್ದರು. ಕಡಲು ಖಾಲಿಯಾಗಿತ್ತು.

ಮೊದಲು ಚೇತರಿಸಿಕೊಂಡವಳು ಆತೆ ವಾಂಜಿ. ಕಣ್ಣು ಒರೆಸಿಕೊಳ್ಳುತ್ತ, ಆ ಒಂದು ತನ್ನದೇ ಎಂದಳು. ದೆನ್ಸಿಯೊ ಅವಳ ಕಡೆ ತಿರುಗಿದ.

"ನಿಂದು ಹೆಂಗಾಗುತ್ತೆ? ಅದು ನಂದು. ಪೆನ್ನು ಒತ್ತಿ ತುಂಬಿದೀನಿ, ನಂಗೆ ಗೊತ್ತಿಲ್ವಾ?"

ಅದು ಅವನದಾದರೆ ತಾನು ಹಾಕಿದ್ದು ಎಲ್ಲಿ ಹೋಯಿತು ಎಂದು ಹಿಂದಿನಿಂದ ಯಾರೋ ಕೇಳಿದರು. ನೋಡನೋಡುತ್ತಲೇ ಆ ಒಂದು ಮತಕ್ಕೆ ಹದಿನಾರು ಜನ ವಾರಸುದಾರರು ಹುಟ್ಟಿಕೊಂಡರು. ಯಂತ್ರವೇ ಮೋಸ ಮಾಡಿದೆ ಎಂದರು ಕೆಲವರು. ಪಕ್ಕದ ಶಾಲೆಯಲ್ಲಿ ಮತ ಹಾಕಿದ್ದವನೊಬ್ಬ ಕೂಡ ಆಣೆ ಇಟ್ಟ. ಪುರಿಂಗ್ ನಂದೂ ಎಂದು ಮೆಲ್ಲಗೆ ಸೇರಿಸಿದಳು.

ಕಾರ್ಪಿಂಗ್ ಮಾತಾಡಲಿಲ್ಲ. ಬೆಳಗ್ಗೆ ಆರು ಸಲ ಖಂಡಿತ ಎಂದಿದ್ದ ಬಾಯಿ ಈಗ ಒಣಗಿತ್ತು. ಥರ್ಮೋಕೋಲ್ ಮುಚ್ಚಳ ನೀರಿನ ಮೇಲೆ ತೇಲುತ್ತ ಬರುವುದು ಕಣ್ಣ ಮುಂದೆ ಕಾಣುತ್ತಿತ್ತು. ಅದರ ಎದುರು ನಿಂತು ಸುಳ್ಳು ಹೇಳಲು ಅವನಿಂದ ಆಗಲಿಲ್ಲ. ನಿಜ ಹೇಳಲೂ ಆಗಲಿಲ್ಲ. ತಟ್ಟೆ ಹಿಡಿದು ಸುಮ್ಮನೆ ನಿಂತ.

ನಾನಾಯ್ ಗೊರಿಯಾ ಸೌಟಿನಿಂದ ಪಾತ್ರೆಯ ಅಂಚಿಗೆ ಎರಡು ಸಲ ಬಡಿದಳು.

"ಸಾಕು ಮಾಡ್ರಪ್ಪ. ಆ ಒಂದು ಯಾರದು ಅಂತ ನಂಗೆ ಗೊತ್ತು. ಮಾಡಿದೋರು ಹೇಳ್ಕೊಳ್ಳಲ್ಲ. ಇಷ್ಟೊತ್ತು ಬಾಯೇ ಬಿಡದೆ ನಿಂತಿದಾನಲ್ಲ, ಅವನದು. ಬಾರೋ ಕಾರ್ಪಿಂಗ್, ಮೊದಲ ಸೌಟು ನಿಂಗೆ."

ನಲವತ್ತು ತಲೆಗಳು ಒಟ್ಟಿಗೆ ಹೊರಳಿದವು. ಹದಿನಾರು ಜನ ವಾರಸುದಾರರ ಮುಖದಲ್ಲಿ ಜೈಲಿನಿಂದ ಬಿಟ್ಟಂಥ ಕಳೆ ಮೂಡಿತು. ಆತೆ ವಾಂಜಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಪುರಿಂಗ್ ಬೆರಗಾಗಿ ಗಂಡನನ್ನು ನೋಡಿದಳು. ಮದುವೆಯ ದಿನವೂ ಅವಳು ಹಾಗೆ ನೋಡಿರಲಿಲ್ಲ. ಅವನು ಇಲ್ಲ ಎನ್ನಲು ಬಾಯಿ ತೆರೆದ. ಆ ತೆರೆದ ಬಾಯಿಗೆ ನಾನಾಯ್ ಒಂದು ಚಮಚ ಬಿಸಿ ಗಿನತಾನ್ ಇಟ್ಟಳು. ಅವನ ಇಲ್ಲ ಸಾಬೂದಾನಿಯಲ್ಲಿ ಮುಳುಗಿತು.

ತಟ್ಟೆ ತುಂಬಿಸುವ ನೆವದಲ್ಲಿ ಅವಳು ಹತ್ತಿರ ಬಾಗಿದಾಗ, ಅವನು ಕಣ್ಣಲ್ಲಿ ನೀರು ತುಂಬಿಕೊಂಡು, ಬಿಸಿಗೂ ಇರಬಹುದು, ಪಿಸುಗುಟ್ಟಿದ.

"ನಾನಾಯ್, ನಾನು ಹಾಕ್ಲಿಲ್ಲ."

"ಗೊತ್ತು ಕಣೋ. ಅದು ನಾನೇ ಹಾಕ್ಕೊಂಡಿದ್ದು."

"ಮತ್ತೆ ನನ್ನ ಹೆಸರು..."

"ನಂದು ಅಂದ್ರೆ ಇವರೆಲ್ಲ ನಾಳೆಯಿಂದ ನನ್ನ ಮುಖ ಹೆಂಗೆ ನೋಡ್ತಾರೆ? ಯಾರಿಗಾದ್ರೂ ಕೊಡ್ಬೇಕಿತ್ತು. ಸುಳ್ಳು ಹೇಳದೋನು ನೀನೊಬ್ಬನೇ ಇದ್ದೆ." ಅವಳು ಇನ್ನೊಂದು ತುಂಡು ಹಲಸು ಹುಡುಕಿ ಅವನ ತಟ್ಟೆಗೆ ಹಾಕಿದಳು. "ಉಪಕಾರ ಆಯ್ತು, ಮಗ."

ಏಳು ಜನರ ಹಂಗಿನಲ್ಲಿದ್ದ ಕಾರ್ಪಿಂಗನಿಗೆ ಇನ್ನೊಬ್ಬರು ಉಪಕಾರ ಆಯ್ತು ಎಂದದ್ದು ನೆನಪಿರುವಂತೆ ಅದೇ ಮೊದಲು. ಗಿನತಾನ್ ಇದ್ದಕ್ಕಿದ್ದಂತೆ ಬಹಳ ರುಚಿಯಾಗಿದೆ ಅನ್ನಿಸಿತು. ಎರಡನೆಯ ಚಮಚವನ್ನು ತಾನೇ ಎತ್ತಿಕೊಂಡ.

ಅಷ್ಟರಲ್ಲಿ ದೆನ್ಸಿಯೊ ಬೆರಳು ಮಡಿಸಿ ಎಣಿಸತೊಡಗಿದ್ದ.

"ತಡಿ ಪಾರೆ. ಬೆಳಗ್ಗೆ ಡಾಕ್ಟರಿಗೆ ಖಂಡಿತ ಅಂದೆ. ವಾಂಜಿಗೂ ಖಂಡಿತ ಅಂದ್ಯಂತೆ. ಒಟ್ಟು ಆರು ಖಂಡಿತ. ಅದರ ಮೇಲೆ ನಾನಾಯ್‌ದೊಂದು. ಏಳು ತುಂಬಿದ್ರೆ ಎಲ್ಲಾ ಹಾಳಾಗಿರೋದು, ಈ ಒಂದೂ ಬರ್ತಿರ್ಲಿಲ್ಲ." ಬೆರಳು ಬಿಚ್ಚಿದ. "ಅಂದ್ರೆ ನಮ್ಮ ಆರರಲ್ಲಿ ಒಬ್ಬರಿಗೆ ಕೈ ಕೊಟ್ಟಿದೀಯ."

ಚಪ್ಪಾಳೆ ನಿಂತಿತು. ಆರು ಮನೆಯ ಆರು ಜನ ಗುಂಪಿನಿಂದ ಬೇರೆಯಾಗಿ ಮುಂದೆ ಬಂದರು. ಆತೆ ವಾಂಜಿಯ ಕಣ್ಣಲ್ಲಿ ಕಾರ್ಪಿಂಗನ ಅಪ್ಪನ ಹೆಣ, ಶಾಮಿಯಾನ, ಐದು ದಿನದ ಕಾಫಿ ಎಲ್ಲವೂ ಸಾಲಾಗಿ ಕಾಣಿಸಿದವು.

"ಯಾರನ್ನ ಬಿಟ್ಟೆ ಕಾರ್ಪಿಂಗ್?" ಎಂದಳು ಮೆಲ್ಲಗೆ.

ಯಾರನ್ನೂ ಬಿಟ್ಟಿಲ್ಲ ಎನ್ನುವುದು ನಿಜ. ಆ ಒಂದು ಮಾತು ಸಾಕಿತ್ತು, ಆರೂ ಮನೆಯಲ್ಲಿ ಅವನು ಋಣ ತೀರಿಸಿದ ಗಂಡಸಾಗುತ್ತಿದ್ದ. ಆದರೆ ಆ ಒಂದು ಮತ ಮತ್ತೆ ನಾನಾಯ್‌ದೇ ಆಗುತ್ತಿತ್ತು. ಅವನು ನಾನಾಯ್ ಗೊರಿಯಾಳ ಕಡೆ ನೋಡಿದ. ಅವಳು ಮಕ್ಕಳಿಗೆ ಬಡಿಸುತ್ತಿದ್ದಳು, ಅವನ ಕಡೆ ನೋಡುತ್ತಿರಲಿಲ್ಲ. ಈಗಲೂ ಏನನ್ನೂ ಕೇಳುತ್ತಿರಲಿಲ್ಲ.

ಕಾರ್ಪಿಂಗ್ ದೊಡ್ಡದೊಂದು ಗೆಣಸಿನ ತುಂಡನ್ನು ಬಾಯಿಗೆ ಹಾಕಿಕೊಂಡು, ಬಾಯಿ ತುಂಬಿದೆ ಎಂದು ಕೈಸನ್ನೆ ಮಾಡಿ, ನಿಧಾನವಾಗಿ ಅಗಿಯತೊಡಗಿದ. ಆರು ಜನ ಕಾದರು. ಅವನು ತಟ್ಟೆ ಮುಗಿಸಿ ಇನ್ನೊಮ್ಮೆ ಒಡ್ಡಿದ. ನಾನಾಯ್‌ಗೆ ಅರ್ಥವಾಯಿತು, ತುಂಬ ಬಡಿಸಿದಳು. ಮೂರನೆಯ ಸಲಕ್ಕೆ ಓಣಿಯ ಉಳಿದವರು ಕೂಡ ಕುರ್ಚಿ ತಂದು ಕೂತರು. ನಾಲ್ಕನೆಯ ಸಲ ಅವನು ತಟ್ಟೆ ಚಾಚಿದಾಗ, ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಎಲ್ಲರಿಗೂ ಕೇಳಿಸಿತು.