ಊಟದ ಮೇಜಿನ ಮೇಲಿಂದ ಹಾರಿದ ವಿಮಾನ

ಊಟದ ಮೇಜು ಊಟಕ್ಕೆ ಮಾತ್ರ ಎಂಬುದು ನನ್ನ ಹೆಂಡತಿಯ ಸಿದ್ಧಾಂತ. ಮನುಷ್ಯ ಊಟಕ್ಕಾಗಿಯೇ ಹುಟ್ಟಿಲ್ಲ ಎಂಬುದು ನನ್ನದು. ಈ ಎರಡು ಸಿದ್ಧಾಂತಗಳ ನಡುವೆ ಒಂದು ವಿಮಾನ ಬಂದಿಳಿಯಿತು.

ವಿಮಾನವೆಂದರೆ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಜೋಡಿಸುವುದು ಕೊಂಡವರ ಕರ್ಮ. ಡ್ರಿಲ್ ಮಾಸ್ತರನಾಗಿ ಬಿಸಿಲಲ್ಲಿ ನಿಂತು ಮಕ್ಕಳ ಕೈಕಾಲು ಎತ್ತಿಸಿದವನಿಗೆ, ನಿವೃತ್ತಿಯ ನಂತರ ಒಂದು ಜೊತೆ ರೆಕ್ಕೆಯನ್ನಾದರೂ ಮೇಲೆತ್ತುವ ಆಸೆ. ಪೆಟ್ಟಿಗೆಯ ಮೇಲೆ ‘ಹೊಸಬರಿಗಾಗಿ, ಹತ್ತು ವರ್ಷ ಮೇಲ್ಪಟ್ಟವರಿಗೆ’ ಎಂದಿತ್ತು. (ಎರಡನೆಯ ಅರ್ಹತೆ ನನ್ನಲ್ಲಿ ಹಲವು ಪಟ್ಟು ಇತ್ತು.)

ರೆಕ್ಕೆಯ ಎರಡು ಭಾಗಗಳನ್ನು ಮೇಜಿನ ಮೇಲೆ ಅಂಟಿಸಿ, ಒಣಗಲೆಂದು ಭಾರವಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಅಂಟು ತನ್ನ ಕರ್ತವ್ಯವನ್ನೂ ಮೀರಿ ದುಡಿದಿತ್ತು. ಎಡರೆಕ್ಕೆ ಬಲರೆಕ್ಕೆಗೂ, ಎರಡೂ ಸೇರಿ ಮೇಜಿಗೂ ಅಂಟಿದ್ದವು.

“ರೀ, ಮೇಜನ್ನೂ ಹಾರಿಸ್ತೀರಾ?”

“ಸ್ವಲ್ಪ ತಾಳೇ. ಒಂದು ಚಾಕು ಕೊಡು, ಬಿಡಿಸ್ತೀನಿ.”

“ಮೇಜಿಗೆ ಗೀರು ಬಿದ್ರೆ ನಿಮ್ಮ ಮೂತಿಗೂ ಬೀಳುತ್ತೆ, ನೆನಪಿರಲಿ.”

ಗೀರು ಬಿತ್ತು. (ಮೇಜಿಗೆ ಮಾತ್ರ, ಅವಳು ಕರುಣಾಮಯಿ.) ರೆಕ್ಕೆಯನ್ನು ಒಡಲಿಗೆ ಬಿಗಿಯುವ ರಬ್ಬರ್ ಬ್ಯಾಂಡುಗಳನ್ನು ನಾನು ಎಳೆದೆಳೆದು ಪರೀಕ್ಷಿಸಿ ತುಂಡು ಮಾಡಿದ್ದರಿಂದ, ಅವಳ ಜಡೆಯ ಬ್ಯಾಂಡುಗಳು ಆ ಸ್ಥಾನವನ್ನು ಅಲಂಕರಿಸಿದವು. ಅಷ್ಟು ದಿನವೂ ನಮ್ಮ ಊಟ ನೆಲದ ಮೇಲೆ. ನನ್ನ ಮಂಡಿ ಗೊಣಗಿತು, ಅವಳ ಬಾಯಿ ಗೊಣಗಿತು.

ಕೊನೆಗೆ ಅವಳೇ ತೀರ್ಪು ಕೊಟ್ಟಳು. “ಭಾನುವಾರ ಇದು ಹಾರಿ ನೆಟ್ಟಗೆ ಇಳಿದ್ರೆ, ಹಾರಿಸಿದವರಿಗೆ ಮೇಜು. ಇಲ್ದಿದ್ರೆ ನೀವು ಬಿಚ್ಚಿಟ್ಟಿರೋ ರೇಡಿಯೊ, ಫ್ಯಾನು, ಗಡಿಯಾರ, ಎಲ್ಲಾ ಗುಜರಿಗೆ!”

“ಆಗ್ಲಿ ಬಿಡೇ,” ಎಂದು ಎದೆಯುಬ್ಬಿಸಿದೆ.

ಭಾನುವಾರ ಅವಳು ವಿಮಾನವನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕುಳಿತಳು. “ಎಡಕ್ಕೆ... ಮುಂದೆ ಗುಂಡಿ... ನಿಧಾನ... ಈಗ ಬಲಕ್ಕೆ!” (ಹ್ಯಾಂಡಲ್ ನನ್ನ ಕೈಯಲ್ಲಿದ್ದರೂ ನಮ್ಮ ಸ್ಕೂಟರಿನ ಚಾಲಕಿ ಅವಳೇ.)

ಬಯಲಿನಲ್ಲಿ ಅವಳು ಬೀಸಿ ಎಸೆದಳು. ವಿಮಾನ ಎದ್ದಿತು! ಅಷ್ಟರಲ್ಲಿ ಅದು ಬಲಗಡೆಯ ನೀರಿನ ಟ್ಯಾಂಕಿನತ್ತ ವಾಲಿತು.

“ಎಡಕ್ಕೆ ತಿರುಗಿಸ್ರೀ!”

ನಾನು ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದೆ. ನನ್ನ ತಪ್ಪಲ್ಲ. ಮಕ್ಕಳ ಎದುರು ನಿಂತು ‘ಎಡಗೈ ಮೇಲೆ’ ಎಂದು ಕೂಗುವ ಡ್ರಿಲ್ ಮಾಸ್ತರ ತನ್ನ ಬಲಗೈಯನ್ನೇ ಎತ್ತಬೇಕು, ಕನ್ನಡಿಯಂತೆ. ಆ ವಿದ್ಯೆ ನನ್ನ ಮೂಳೆಗೆ ಇಳಿದಿದೆ. ಆದರೆ ವಿಮಾನ ನನ್ನ ಶಾಲೆಯಲ್ಲಿ ಓದಿರಲಿಲ್ಲ.

“ಎಡಕ್ಕೆ ಅಂದ್ರೆ ಎಡಕ್ಕೆ! ಕೊಡಿ ಇಲ್ಲಿ!”

ರಿಮೋಟು ಅವಳ ಕೈ ಸೇರಿತು. ವಿಮಾನ ಟ್ಯಾಂಕಿನ ಅಂಚು ಸವರಿ ನಮ್ಮತ್ತ ತಿರುಗಿದಾಗ ಅವಳು ಅದಕ್ಕೆ ಬೆನ್ನು ಹಾಕಿ, ಹೆಗಲ ಮೇಲಿಂದ ಹಿಂದಿರುಗಿ ನೋಡುತ್ತ ನಿಂತಳು. ಹಾಗೆ ನಿಂತರೆ ವಿಮಾನದ ಎಡ ಅವಳ ಎಡವೇ! “ಎಡಕ್ಕೆ... ನಿಧಾನ... ಮುಂದೆ ಗುಂಡಿ...” ಅದು ನನ್ನಷ್ಟೇ ವಿಧೇಯವಾಗಿ ಕೇಳಿಸಿಕೊಂಡು ಹುಲ್ಲಿನ ಮೇಲೆ ಬೆಕ್ಕಿನಂತೆ ಇಳಿಯಿತು.

“ಇದನ್ನೆಲ್ಲ ಎಲ್ಲಿ ಕಲಿತೆಯೇ?”

“ಇಷ್ಟು ವರ್ಷ ಹಿಂದೆ ಕೂತು ನಿಮ್ಮನ್ನ ಓಡಿಸಿಲ್ವಾ? ಇದೇ ಸುಲಭ, ಎದುರು ಮಾತಾಡಲ್ಲ.”

“ಅಂತೂ ನೆಟ್ಟಗೆ ಇಳೀತಲ್ಲ. ಹಾಗಾದ್ರೆ ಮೇಜು...”

“ಹಾರಿಸಿದವರಿಗೆ.”

ಈಗ ಮೇಜಿನ ಮೇಲೆ ಅವಳ ಎರಡನೆಯ ವಿಮಾನದ ರೆಕ್ಕೆ ಒಣಗುತ್ತಿದೆ. (ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ್ದಾಳೆ, ನನಗೇಕೆ ಹೊಳೆಯಲಿಲ್ಲವೋ!) ನಾನು ಮೇಜಿನ ಪಕ್ಕ ನೆಲದ ಮೇಲೆ ತಟ್ಟೆ ಹಿಡಿದು ಕುಳಿತಿದ್ದೇನೆ.

“ಉಪ್ಪು ಎಲ್ಲೇ?”

“ಮೇಜಿನ ಮೇಲೆ, ನಿಮ್ಮ ಎಡಗಡೆ ಕೈ ಚಾಚಿ,” ಎಂದಳು, ತಲೆಯೆತ್ತದೆ. ನಾನು ಕೈ ಚಾಚಿದೆ.

“ಡ್ರಿಲ್ಲಿನ ಎಡ ಅಲ್ಲಾರೀ, ನಿಜವಾದ ಎಡ!”