ಒಂದು ಮದುವೆಗೆ ಮೂರು ಗಟ್ಟಿಮೇಳ

"ಇನ್ನು ಮೇಲೆ ಕೊಳ್ಳೇಗಾಲದಿಂದ ಹನೂರಿನ ತನಕ ಯಾರ ಮನೇಲಿ ಮದುವೆಯಾದ್ರೂ ವಾಲಗದೋರು ಬೇಕಾಗಿಲ್ಲ! ನಾನೊಬ್ಬ ಸಾಕು!"

ಮಹದೇವಪ್ರಸಾದ್ ಹೀಗೆಂದು ಘೋಷಿಸಿದ್ದು ತುಂಬಿದ ಸಭೆಯಲ್ಲಲ್ಲ, ಕೊಳ್ಳೇಗಾಲದ ತನ್ನ ಮನೆಯ ನಡುಮನೆಯಲ್ಲಿ. ಸಭಿಕರು ಇಬ್ಬರು. ತಾಯಿ ಗುರುಸಿದ್ದಮ್ಮ ಅವರೆಕಾಯಿ ಸುಲಿಯುತ್ತಿದ್ದರು, ಹೆಂಡತಿ ಕವಿತ ನೆಲ ಒರೆಸುತ್ತಿದ್ದಳು. ಇಬ್ಬರೂ ಕೈಕೆಲಸ ನಿಲ್ಲಿಸಲಿಲ್ಲ.

"ಕಾಲೆತ್ತಿ, ಅಲ್ಲೂ ಒರಸ್ಬೇಕು," ಎಂದಳು ಕವಿತ.

ಮಹಾಪುರುಷ ಕಾಲೆತ್ತಿದ. ತೊಡೆಯ ಮೇಲೆ ಗ್ರೂವ್‌ಬಾಕ್ಸ್ ಎಂಬ ಕರೆಂಟಿನ ವಾದ್ಯದ ಪೆಟ್ಟಿಗೆ ಇತ್ತು.

ಮನುಷ್ಯ ಕೆಟ್ಟವನಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ, ಬೀಡಿ ಸಿಗರೇಟು ಇಲ್ಲ, ಸಂಜೆಯಾದರೆ ನೇರ ಮನೆಗೆ. ಆದರೆ ಹೊಸ ಸಾಮಾನು ಕಂಡರೆ ತಲೆ ಮಾತ್ರ ಹೆಗಲ ಮೇಲೆ ನಿಲ್ಲುವುದಿಲ್ಲ. ಎರಡು ಸಾವಿರದ ಎರಡನೇ ಇಸವಿಯಲ್ಲಿ ಬೆಂಗಳೂರಿನ ಯಾವುದೋ ಸ್ಟುಡಿಯೋದವರು ಕಂಪ್ಯೂಟರ್ ಬಂತೆಂದು ಈ ಪೆಟ್ಟಿಗೆಯನ್ನು ಮಾರಿದರು. ಇವನು ಹೋಗಿ ಅಪ್ಪಿಕೊಂಡು ತಂದ. ಅಡುಗೆಮನೆಯ ಮಸಾಲೆ ಡಬ್ಬಿಯಷ್ಟು ಅಗಲ, ಮೇಲೆಲ್ಲ ತಿರುಪು, ಕೆಳಗೊಂದು ಸಾಲು ಬಟನ್. ಡೋಲಿನ ಸದ್ದು, ತಂತಿಯ ಸದ್ದು, ಗಾಳಿಯ ಸದ್ದು, ಕೇಳಿದ್ದನ್ನೆಲ್ಲ ಕೊಡುತ್ತದೆ. ಒಂದು ಸಲ ತಾಳ ಹೇಳಿಕೊಟ್ಟರೆ ಸುತ್ತಿ ಸುತ್ತಿ ಅದನ್ನೇ ಬಾರಿಸುತ್ತದೆ. ಅಷ್ಟೇ ಅಲ್ಲ, ಹೊರಗಿನ ಸದ್ದನ್ನೂ ಮೈಕಿನಲ್ಲಿ ಹಿಡಿದಿಟ್ಟುಕೊಂಡು, ಬಟನ್ ಒತ್ತಿದಾಗ ವಾಪಸ್ ಕೊಡುತ್ತದೆ!

ಈ ಕೊನೆಯ ಗುಣ ತಿಳಿದದ್ದೇ ತಡ, ಪ್ರಸಾದ್ ಮನೆಯ ಸದ್ದೆಲ್ಲ ಹಿಡಿಯತೊಡಗಿದ. ಬಾಗಿಲ ಕಿರ್ರು ಹಿಡಿದ, ನಲ್ಲಿಯ ಬುಸಬುಸ ಹಿಡಿದ, ತಾಯಿಯ ಆಕಳಿಕೆ ಹಿಡಿದ. ಒಂದು ಬೆಳಗ್ಗೆ ಕುಕ್ಕರಿನ ಮೂತಿಗೆ ಮೈಕ್ ಇಟ್ಟು ವಿಷಲ್ ಹಿಡಿದ. ಅಲ್ಲಿಂದ ಶುರುವಾಯಿತು ನೋಡಿ!

ಆವತ್ತು ಮಧ್ಯಾಹ್ನದ ಊಟಕ್ಕೆ ಕವಿತಳ ಅಪ್ಪ ಶಿವನಂಜಯ್ಯ ಕಾಮಗೆರೆಯಿಂದ ಬಂದಿದ್ದರು. ಕಿರಿಮಗಳು ರೂಪಾಳ ಮದುವೆ ಗೊತ್ತಾಗಿತ್ತು, ಗಂಡು ಅಜ್ಜೀಪುರದ ಕಡೆಯವನು, ಕರೆಯಲು ಬಂದದ್ದು. ಕವಿತ ಬೇಳೆಯನ್ನು ಕುಕ್ಕರಿಗಿಟ್ಟು, "ಅತ್ತೆ, ಮೂರ್ ವಿಷಲ್ ಕೂಗುದ್ರೆ ಆಫ್ ಮಾಡ್ಬುಡಿ," ಎಂದು ಹೇಳಿ ಬಾಳೆ ಎಲೆ ಕೊಯ್ಯಲು ಹಿತ್ತಿಲಿಗೆ ಹೋದಳು. ನಡುಮನೆಯಲ್ಲಿ ಪ್ರಸಾದ್ ಮಾವನಿಗೆ ತನ್ನ ವಿದ್ಯೆ ತೋರಿಸಲು ಬಟನ್ ಒತ್ತಿದ. ಕುಯ್ಯ್! ಧಿಮ್! ಕುಯ್ಯ್! ಧಿಮ್! ಕುಯ್ಯ್!

"ಇವತ್ತು ಗ್ಯಾಸು ಬಲೇ ಜೋರಾಗದ ಕನವ್ವ," ಎಂದುಕೊಂಡು ಗುರುಸಿದ್ದಮ್ಮ ಒಲೆ ಆರಿಸಿದರು.

ಎಲೆಯ ಮುಂದೆ ಕೂತ ಶಿವನಂಜಯ್ಯನವರ ಹಲ್ಲಿಗೆ ಬೇಳೆ ಕಟಕ್ ಎಂದಿತು.

"ಏನವ್ವ ಕವಿತ, ಕೊಳ್ಳೇಗಾಲದಲ್ಲಿ ಬೇಳೆಯ ಬೇಯಿಸ್ದೇ ತಿಂತಿರ?"

ವಿಚಾರಣೆ ನಡೆಯಿತು. ಗುರುಸಿದ್ದಮ್ಮ ಮೂರು ವಿಷಲ್ ಕೇಳಿದ್ದು ನಿಜ ಎಂದು ಮಾದಪ್ಪನ ಮೇಲೆ ಆಣೆ ಇಟ್ಟರು. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ ಬಿತ್ತು. ಶಿವನಂಜಯ್ಯ ಎಲೆಯ ಅಂಚಿಗೆ ಒಂದೊಂದೇ ಬೇಳೆ ಸರಿಸುತ್ತ, "ಅಳಿಯಂದ್ರು ಮುಟ್ಟುದ್ದೆಲ್ಲ ಇಂಗೇಯ. ಓದ್ ವರ್ಸ ನಮ್ ಗೃಹಪ್ರವೇಶಕ್ಕೆ ಸೀರಿಯಲ್ ಸೆಟ್ ಆಕ್ತಿನಿ ಅಂದ್ರು, ಇಡೀ ಬೀದಿ ಕರೆಂಟು ಓಯ್ತು," ಎಂದರು.

ಪ್ರಸಾದನಿಗೆ ರೋಷ ಬಂತು. "ಮಾವ, ಈ ಪೆಟ್ಟಿಗೆ ಸಾಮಾನ್ಯದ್ದಲ್ಲ. ರೂಪನ ಮದುವೆಗೆ ವಾಲಗ ನಾನೇ ಕೊಡ್ತೀನಿ. ನಾಗಸ್ವರ, ಡೋಲು, ಗಟ್ಟಿಮೇಳ, ಎಲ್ಲಾ ಇದರಿಂದಲೇ!"

"ವಾಲಗಕ್ಕೆ ನಿಂಗಯ್ಯನ ಸೆಟ್ಟಿಗೆ ಆಗ್ಲೇ ಯೋಳಿ ಆಗದ."

"ಬೇಡ ಅಂತ ಹೇಳಿಬಿಡಿ!"

ಶಿವನಂಜಯ್ಯ ನಕ್ಕರು. ಆ ನಗುವೇ ಎಡವಟ್ಟಿಗೆ ಕಾರಣ. ಕವಿತ ಸೌಟನ್ನು ಪಾತ್ರೆಗೆ ಹಾಕಿ ಸೆಟೆದು ನಿಂತಳು. "ಯಾಕಪ್ಪ ನಗ್ತೀರಿ? ನನ್ ಗಂಡ ಮಾಡ್ತಾರೆ. ವಾಲಗ ನಮ್ದು. ನಾ ಮಾತು ಕೊಡ್ತಿವ್ನಿ."

ಮಾವ ಹೊರಟ ಮೇಲೆ ಪ್ರಸಾದ್ ಬೀಗುತ್ತ ಅಡುಗೆಮನೆಗೆ ಬಂದ. ಕವಿತ ಬೇಳೆಯನ್ನು ಮತ್ತೆ ಒಲೆಗಿಡುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ನೋಡಿ, ಆ ಮನೇಲಿ ನಿಮ್ಮನ್ನ ಯಾರೂ ಲೆಕ್ಕಕ್ಕೇ ಇಟ್ಕಂಡಿಲ್ಲ. ಅವ್ರು ನಕ್ಕಾಗ ನಂಗೆ ಒಟ್ಟೆ ಉರೀತದೆ. ಅದ್ಕೇ ಮಾತು ಕೊಟ್ಟೆ. ತಾಳಿ ಕಟ್ಟಾಗ ಗಟ್ಟಿಮೇಳ ಬರ್ನಿಲ್ಲ ಅಂದ್ರೆ ನಾನು ಇನ್ನು ತವರಿಗೆ ತಲೆ ಎತ್ಕಂಡು ಓಗಂಗಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಕಣಮ್ಮಿ! ನೀನು ಸುಮ್ನೆ ನೋಡ್ತಿರು!"

ಪ್ರಸಾದ್ ಕಷ್ಟಪಟ್ಟ, ಇಲ್ಲವೆನ್ನಬಾರದು. ಯಳಂದೂರಿನ ಒಂದು ಮದುವೆಯಲ್ಲಿ ನಿಂಗಯ್ಯನ ಸೆಟ್ಟಿನ ವಾಲಗವನ್ನು ಟೇಪಿನಲ್ಲಿ ಹಿಡಿದಿದ್ದ. ಅದರಿಂದ ಡೋಲಿನ ಏಟೊಂದು, ನಾಗಸ್ವರದ ಎಳೆಯೊಂದು ಎಂದು ಹೆಕ್ಕಿ ಪೆಟ್ಟಿಗೆಗೆ ತುಂಬಿದ. ಮದುವೆಯ ದಿನ ಬೆಳಗ್ಗೆ ಕಾಮಗೆರೆಯ ಮಾವನ ಮನೆಯ ಚಪ್ಪರದಲ್ಲೇ ಕೂತು ಎಲ್ಲವನ್ನೂ ಹೊಸದಾಗಿ ಜೋಡಿಸಿದ. ಬಟನ್ ಒತ್ತುವ ಕೆಲಸವೂ ಬೇಡ ಎಂಬುದು ಅವನ ಲೆಕ್ಕ. ಮದುವೆ ಮಾಡಿಸುವ ಅಯ್ಯನೋರು ಶಿವರುದ್ರಸ್ವಾಮಿಗಳನ್ನು ಕೇಳಿ ಮುಹೂರ್ತದ ಗಳಿಗೆ ತಿಳಿದುಕೊಂಡ. ಮೊದಲು ಮೆಲ್ಲಗೆ ನಾಗಸ್ವರ, ಆಮೇಲೆ ಡೋಲು, ಸರಿಯಾಗಿ ಆ ಗಳಿಗೆಗೆ ತಾನೇ ತಾನಾಗಿ ಗಟ್ಟಿಮೇಳ! ಇವನು ಜರಿಪಂಚೆ ಉಟ್ಟು, ಕೈ ಕಟ್ಟಿಕೊಂಡು, ಬೀಗರಿಗೆಲ್ಲ ಕಾಣುವಂತೆ ನಿಂತರೆ ಸಾಕು. ಪೂಜೆಯಿಲ್ಲದೆ ಪೆಟ್ಟಿಗೆ ಶುರು ಮಾಡಬಾರದೆಂದು ಗುರುಸಿದ್ದಮ್ಮ ಬಟನ್ನುಗಳ ಸಾಲಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಹಾರ ಹಾಕಿದರು.

ಚಪ್ಪರ ತುಂಬಿತು. ನಾಗಸ್ವರ ಸೊಗಸಾಗಿ ಬಂತು. ಊದುವವರಿಲ್ಲದೆ ಊದುವ ಪೆಟ್ಟಿಗೆಯನ್ನು ನೋಡಲು ಅಜ್ಜೀಪುರದವರು ಕತ್ತು ಚಾಚಿದರು. ಶಿವನಂಜಯ್ಯ ಕೂಡ ಒಮ್ಮೆ ತಲೆದೂಗಿದರು! ಕವಿತ ಅದನ್ನು ನೋಡಿದಳು, ಗಂಡನನ್ನು ನೋಡಿದಳು, ಅವಳ ಮುಖ ಅರಳಿತು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ಅಷ್ಟು ಹಗುರಾಗಿ ಓಡಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅಯ್ಯನೋರು ಕೈ ಚಾಚಿ, "ಮಾಂಗಲ್ಯ ಕೊಡಿ," ಎಂದರು.

ಮಾಂಗಲ್ಯ ಗಂಡಿನ ಸೋದರತ್ತೆ ರಾಚಮ್ಮನ ಬ್ಯಾಗಿನಲ್ಲಿತ್ತು. ಬ್ಯಾಗು ರಾಚಮ್ಮನ ಕಂಕುಳಲ್ಲಿತ್ತು. ರಾಚಮ್ಮ ಎಲ್ಲಿ? ಎಲೆ ಅಡಿಕೆ ಹುಡುಕಿಕೊಂಡು ಪಕ್ಕದ ಮನೆಗೆ ಹೋಗಿದ್ದರು. "ಅತ್ತೇ! ರಾಚತ್ತೇ!" ಎಂದು ಕೂಗಾಟ ಎದ್ದಿತು.

ಮನುಷ್ಯರ ವಾಲಗವಾದರೆ ಅಯ್ಯನೋರ ಬೆರಳನ್ನೇ ನೋಡುತ್ತ ಕೂರುತ್ತದೆ. ಈ ಪೆಟ್ಟಿಗೆಗೆ ಬೆರಳೂ ಒಂದೇ, ರಾಚಮ್ಮನೂ ಒಂದೇ. ಗಳಿಗೆ ಬಂತು, ಬಾರಿಸಿತು. ಢಣಢಣಢಣ! ಪೀಂ! ಢಣಢಣಢಣ!

ಗಟ್ಟಿಮೇಳ ಕಿವಿಗೆ ಬಿದ್ದ ಮೇಲೆ ಕೈ ಸುಮ್ಮನಿರುತ್ತದೆಯೇ? ಚಪ್ಪರದಲ್ಲಿದ್ದ ಅಷ್ಟೂ ಜನ ಎದ್ದು ನಿಂತು ಅಕ್ಷತೆ ಎರಚಿದರು. ಮದುಮಗ ಕಿವಿ ತುರಿಸಿಕೊಳ್ಳುತ್ತಿದ್ದ, ಅದೇ ಭಂಗಿಯಲ್ಲಿ ಅವನ ಫೋಟೋ ಬಿತ್ತು. ಮಂತ್ರಕ್ಕೆಂದು ಬಾಯಿ ತೆರೆದ ಅಯ್ಯನೋರು ಒಂದು ತುತ್ತು ಅಕ್ಕಿ ನುಂಗಿದರು.

"ಇನ್ನೂ ತಾಳಿ ಕಟ್ಟಿಲ್ಲ! ಅಕ್ಷತೆ ಆಕ್ಬ್ಯಾಡಿ!" ಎಂದು ಶಿವನಂಜಯ್ಯ ಕೂಗಿದರು. ಆ ಢಣಢಣದಲ್ಲಿ ಯಾರಿಗೆ ಕೇಳಬೇಕು? ಹಿಂದಿದ್ದವರಿಗೆ ಮಂಟಪವೇ ಕಾಣುತ್ತಿರಲಿಲ್ಲ. ಗಟ್ಟಿಮೇಳ ಆಯ್ತು, ಅಕ್ಷತೆ ಹಾಕಿದ್ದಾಯ್ತು, ಇನ್ನೇನು ಉಳಿಯಿತು? ಮೊದಲನೇ ಪಂಕ್ತಿ! ಹಿತ್ತಿಲ ಶಾಮಿಯಾನದ ಕಡೆಗೆ ದಂಡು ಹೊರಟಿತು. ಅರ್ಧ ಚಪ್ಪರ ಖಾಲಿ!

ಪ್ರಸಾದ್ ಜರಿಪಂಚೆ ಎತ್ತಿಕೊಂಡು ಪೆಟ್ಟಿಗೆಯ ಕಡೆ ಹಾರಿದ. ಹಾರ ಕಿತ್ತೆಸೆದ. ನಿಲ್ಲಿಸುವ ಬಟನ್ ಎಲ್ಲಿ? ಎಲ್ಲವೂ ವಿಭೂತಿಯ ಅಡಿಯಲ್ಲಿ ಒಂದೇ ಬಣ್ಣ. ಶಿವಾ ಎಂದು ಒಂದನ್ನು ಒತ್ತಿದ. ಅದು ನಿಲ್ಲಿಸುವ ಬಟನ್ ಅಲ್ಲ. ಗಟ್ಟಿಮೇಳ ಮೊದಲಿನಿಂದ ಶುರುವಾಯಿತು, ಅದೂ ಇಮ್ಮಡಿ ವೇಗದಲ್ಲಿ!

"ಓ, ಈಗ ನಿಜ್ವಾದ್ದು," ಎಂದುಕೊಂಡು ಉಳಿದವರು ಉಳಿದ ಅಕ್ಷತೆಯನ್ನೂ ಎರಚಿ ಊಟಕ್ಕೆ ನಡೆದರು.

"ಏನ್ರೀ ಅದು! ನಿಲ್ಸೀ!" ಕವಿತಳ ದನಿ ಒಡೆದಿತ್ತು.

ದಾರಿ ಕಾಣದೆ ಪ್ರಸಾದ್ ಪ್ಲಗ್ಗನ್ನೇ ಕಿತ್ತ. ಚಪ್ಪರ ತಣ್ಣಗಾಯಿತು. ಆಗ ಬಂದರು ರಾಚಮ್ಮ, ಬಾಯಿ ತುಂಬ ಎಲೆ ಅಡಿಕೆ. "ಆಗೋಯ್ತಾ? ನಾನಿಲ್ದೇಯ? ತಾಳಿ ನನ್ ತವೇ ಅದಲ್ಲ?"

ಮುಹೂರ್ತ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು. ಅಯ್ಯನೋರು ಅವಸರದಿಂದ ಮಾಂಗಲ್ಯ ಪೂಜಿಸಿ ಮದುಮಗನ ಕೈಗಿತ್ತರು. ಅವನು ರೂಪಾಳ ಕೊರಳಿಗೆ ಹಿಡಿದ. ಅಯ್ಯನೋರ ಬೆರಳು ಎದ್ದಿತು. "ಗಟ್ಟಿಮೇಳ! ಗಟ್ಟಿಮೇಳ!"

ಪ್ರಸಾದ್ ಪ್ಲಗ್ ಚುಚ್ಚಿ ಬಟನ್ ಒತ್ತಿದ. ಈ ಜಾತಿಯ ಪೆಟ್ಟಿಗೆಗೆ ಒಂದು ಗುಣವಿದೆ. ಕಲಿಸಿದ್ದನ್ನು ಉಳಿಸಿಕೋ ಎಂದು ಒಂದು ಬಟನ್ ಒತ್ತಿ ಹೇಳದಿದ್ದರೆ, ಪ್ಲಗ್ ಕಿತ್ತ ತಕ್ಷಣ ಎಲ್ಲವನ್ನೂ ಮರೆತು, ಕಂಪನಿಯವರು ಹೇಳಿಕೊಟ್ಟದ್ದಕ್ಕೇ ವಾಪಸ್ ಹೋಗುತ್ತದೆ. ಬೆಳಗಿನಿಂದ ಪಂಚೆಯ ಜರಿ ಸರಿಮಾಡಿಕೊಳ್ಳುವ ಭರದಲ್ಲಿ ಪ್ರಸಾದ್ ಅದನ್ನು ಒತ್ತಿರಲಿಲ್ಲ. ಪೆಟ್ಟಿಗೆಯಿಂದ ಡುಂಚಕ ಡುಂಚಕ ಎಂದು ಫಾರಿನ್ ಡಿಸ್ಕೊ ಹೊರಟಿತು! ಮದುಮಗನ ಸ್ನೇಹಿತರಿಬ್ಬರು ಟವೆಲ್ ಬೀಸಿ ಕುಣಿಯಲು ಎದ್ದರು. ಪ್ರಸಾದ್ ಮತ್ತೆ ಪ್ಲಗ್ ಕಿತ್ತ.

ಮದುಮಗ ತಾಳಿ ಹಿಡಿದೇ ನಿಂತಿದ್ದ. ರೂಪಾಳ ಕಣ್ಣಲ್ಲಿ ನೀರು.

"ಸದ್ದಿಲ್ದೆ ಕಟ್ಟಂಗಿಲ್ಲ," ಎಂದರು ಅಯ್ಯನೋರು. "ಯಾರಾರ ಸೀನ್ಬುಟ್ಟರೆ ಏನ್ ಗತಿ?"

ನಿಂಗಯ್ಯನನ್ನು ಕರೆಯೋಣವೆಂದರೆ ಬರೀ ನೆಂಟನಾಗಿ ಬಂದಿದ್ದ ಅವನು ಮೊದಲನೇ ಪಂಕ್ತಿಯಲ್ಲಿ ಕೂತಿದ್ದ, ಡೋಲು ಕೊಳ್ಳೇಗಾಲದ ಅವನ ಮನೆಯಲ್ಲಿತ್ತು. ಶಿವನಂಜಯ್ಯ ಅಳಿಯನನ್ನು ನೋಡಲಿಲ್ಲ, ಹಿರಿಮಗಳನ್ನು ನೋಡಿದರು. ಆ ನೋಟ ಕವಿತಳಿಗೆ ತಡೆಯಲಾಗಲಿಲ್ಲ.

"ಬಡೀರೀ!" ಎಂದು ಚೀರಿದಳು.

"ಏನ್ನ ಬಡೀಲಿ?"

"ಕೈಗೆ ಸಿಕ್ಕುದ್ದ ಬಡೀರಿ!"

ಕೈಗೆ ಸಿಕ್ಕಿದ್ದು ಒಂದೇ. ಪ್ರಸಾದ್ ಆ ಪೆಟ್ಟಿಗೆಯನ್ನೇ ಮಗುಚಿ ಹಾಕಿ, ಅದರ ತಗಡಿನ ತಳಕ್ಕೆ ಎರಡೂ ಅಂಗೈಯಲ್ಲಿ ಬಡಿಯತೊಡಗಿದ. ಧಡಧಡಧಡಧಡ! ಮಾದಪ್ಪಾ! ಧಡಧಡಧಡ! ತಿರುಪುಗಳು ಒಂದೊಂದಾಗಿ ಉದುರಿ ಉರುಳಿದವು. ಬಟನ್ನೊಂದು ಹಾರಿ ರಾಚಮ್ಮನ ಮಡಿಲಿಗೆ ಬಿತ್ತು. ಇವನು ನಿಲ್ಲಿಸಲಿಲ್ಲ. ಆ ಸದ್ದಿನಲ್ಲೇ ಮದುಮಗ ಗಂಟು ಹಾಕಿದ. ಅಕ್ಷತೆ ಮುಗಿದಿದ್ದರಿಂದ ಉಳಿದ ಏಳೆಂಟು ಮಂದಿ ಜಮಖಾನದ ಮೇಲಿನದನ್ನೇ ಬಾಚಿ ಎರಚಿದರು. ಗಂಟು ಬಿದ್ದ ಮೇಲೂ ಪ್ರಸಾದ್ ಬಡಿಯುತ್ತಲೇ ಇದ್ದ. ಅಯ್ಯನೋರೇ ಬಂದು ಕೈ ಹಿಡಿದು, "ಸಾಕು ಕಣಪ್ಪ, ಆಯ್ತು," ಎಂದರು.

ಶಿವನಂಜಯ್ಯ ಮೆಲ್ಲಗೆ ಬಂದು ಮಗಳ ಮುಂದೆ ನಿಂತರು. "ಏನವ್ವ, ವಾಲಗ ನಮ್ದು ಅಂದಿದ್ದೆ?"

"ಅಂದಿದ್ದೆ ಕಣಪ್ಪ. ಸದ್ದು ಬಂತೋ ಇಲ್ವೋ? ತಾಳಿ ಕಟ್ಟಾಯ್ತೋ ಇಲ್ವೋ?" ಕವಿತ ಗಂಡನ ಕೈ ಎಳೆದು ಅಪ್ಪನ ಮುಂದೆ ಚಾಚಿದಳು. "ನೋಡಿ ಇಲ್ಲಿ, ಕೈಯೆಲ್ಲಾ ಬಾತೋಗದೆ. ನಿಮ್ ಮಗಳ ಮದ್ವೆಗೆ ಇಂಗ್ ಬಡ್ದೋರು ಇನ್ಯಾರವ್ರೆ?"

ಶಿವನಂಜಯ್ಯ ಆ ಕೈ ನೋಡಿದರು. ಏನೋ ಹೇಳಲು ಹೋಗಿ, ನಗು ಬಂದು, ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡು, "ಓಗಿ, ಊಟ ಮಾಡಿ," ಎಂದರು. ಮೂರನೇ ಪಂಕ್ತಿಯಲ್ಲಿ ಪ್ರಸಾದನ ಎಡಗೈ ಬಲಗೈ ಎರಡೂ ಉರಿಯುತ್ತಿದ್ದಾಗ ಕವಿತಳೇ ಅನ್ನ ಕಲಸಿಕೊಟ್ಟಳು.

ಸಂಜೆ ಕೊಳ್ಳೇಗಾಲದ ಬಸ್ಸು ಹತ್ತಿದಾಗ ಪೆಟ್ಟಿಗೆ ಕಿಟಕಿಯ ಕಡೆ ಕೂತ ಪ್ರಸಾದನ ತೊಡೆಯ ಮೇಲಿತ್ತು, ಉದುರಿದ ತಿರುಪುಗಳು ಕವಿತಳ ಕರ್ಚೀಫಿನಲ್ಲಿದ್ದವು. ಹಿಂದಿನ ಸೀಟಿನಿಂದ ಯಾರೋ ಭುಜ ತಟ್ಟಿದರು. ನಿಂಗಯ್ಯ! ಪ್ರಸಾದ್ ಮುದುಡಿಕೊಂಡ.

"ಪ್ರಸಾದಣ್ಣ, ನಂಗೇನೂ ಬೇಜಾರಿಲ್ಲ," ಎಂದ ನಿಂಗಯ್ಯ. "ನನ್ ಡೋಲು ನಾನಿಲ್ದೆ ಬಡ್ಕಂಡಾಗ ಎದೆ ಧಸಕ್ ಅಂತು, ಅದು ಬುಡಿ. ಆದ್ರೆ ವಾಲಗದೋರ್ಗೆ ಯಾವತ್ತೂ ಕಡೇ ಪಂಕ್ತಿ. ನಿಮ್ ದೆಸೆಯಿಂದ ಇವತ್ತು ಮೊದಲ್ನೇ ಪಂಕ್ತೀಲಿ ಬಿಸಿಬಿಸಿ ಉಂಡೆ. ಅದ್ಕೇ ಒಂದ್ ಮಾತು ಕೇಳ್ತಿನಿ. ನಮ್ ಸೆಟ್ಟಿಗೆ ಒಬ್ರು ಬೇಕಾಗವ್ರೆ. ಬತ್ತಿರಾ?"

ಪ್ರಸಾದನ ಎದೆ ಉಬ್ಬಿತು. "ಡೋಲಿಗಾ?"

"ಇಲ್ಲ ಇಲ್ಲ!" ನಿಂಗಯ್ಯ ಗಾಬರಿಯಾದ. "ಶ್ರುತಿ ಪೆಟ್ಟಿಗೆ ಇಡಿಯಕ್ಕೆ. ಅದೂ ಪೆಟ್ಟಿಗೇಯ. ಸುಮ್ನೆ ಒತ್ತೋದು, ಬುಡೋದು. ಬಟನ್ ಇಲ್ಲ, ತಿರುಪಿಲ್ಲ, ಕರೆಂಟಿಲ್ಲ. ಬರಾದು ಒಂದೇ ಸದ್ದು. ಎಂಥೋರ ಕೈಲೂ ತಪ್ಪಾಗಕ್ಕೆ ದಾರಿನೇ ಇಲ್ಲ."

ಪ್ರಸಾದ್ ಬಾಯಿ ತೆರೆಯುವ ಮೊದಲೇ ಕವಿತ ಹಿಂದಕ್ಕೆ ತಿರುಗಿದಳು. ಗಂಡನ ಬಾತ ಕೈ ಅವಳ ಕೈಯಲ್ಲೇ ಇತ್ತು. ಒಂದು ಗಳಿಗೆ ಅವನ ಮುಖವನ್ನೇ ನೋಡಿ, ನಿಂಗಯ್ಯನಿಗೆ ಹೇಳಿದಳು:

"ಅಣ್ಣಾ, ಇನ್ನೊಂದ್ ಸಲ ಯೋಚ್ನೆ ಮಾಡಿ."