ನೀರು ನನ್ನದು, ಹೆಸರು ಕಾಡಿನದು

ನೀರಿನ ಇಲಾಖೆಯವನ ಎದುರು ಮನೆಗೆ ಅರಣ್ಯ ಇಲಾಖೆಯವರು ಬಂದರೆ ಏನೇನಾಗಬೇಕೋ ಅದೆಲ್ಲ ಜೋಗೇಶ್ವರಿಯ ಕಾಡಂಚಿನ ನಮ್ಮ ಬಿಲ್ಡಿಂಗ್‌ನಲ್ಲಿ ಆಗುತ್ತಲೇ ಇರುತ್ತದೆ. ಅವರು ಮೈಸೂರು ಕಡೆಯವರು, ನಾನು ಧಾರವಾಡದವನು. ಅವರಿಗೆ ಖಾಕಿ ಯೂನಿಫಾರ್ಮು, ಟೋಪಿ. ನನಗೆ ಕೊಡೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಹೊಟ್ಟೆಕಿಚ್ಚೇ.

ಚಿರತೆ ಬಂದದ್ದು

ಒಂದು ಬೆಳಿಗ್ಗೆ ಸಿಸಿಟಿವಿಯಲ್ಲಿ ಚಿರತೆ ಕಾಣಿಸಿತು. ಗೇಟಿನ ಪಕ್ಕ ನೀರು ಕುಡಿದು ಹೋಗಿತ್ತು. ಇಡೀ ಬಿಲ್ಡಿಂಗ್ ಎದುರು ಮನೆಯ ಬಾಗಿಲಲ್ಲಿ ನೆರೆಯಿತು. ಅವರು ಚಿರತೆಯ ಹೆಜ್ಜೆ, ಅದರ ಸ್ವಭಾವ, ಎಲ್ಲ ವಿವರಿಸಿದರು. ಯಾರೋ ಅವರಿಗೆ ಪೋಹಾ ಬೇರೆ ತಂದುಕೊಟ್ಟರು. ನನಗೆ ತಡೆಯಲಾಗಲಿಲ್ಲ.

“ಅದು ಅವ್ರನ್ನ ನೋಡಾಕ ಬಂದಿರಲಿಲ್ರಿ. ಗೇಟಿನ ಹತ್ರ ನಮ್ಮ ಇಲಾಖೆ ಪೈಪ್ ಸೋರತೈತಿ, ಆ ನೀರಿಗೆ ಬಂದದ್ದು!” ಎಂದೆ.

ನಮ್ಮ ಸೊಸೈಟಿಯ ಸೆಕ್ರೆಟರಿ ಉಡುಪಿ ಕಡೆಯವರು. ನಿಧಾನವಾಗಿ ತಿರುಗಿದರು. “ಹಾಗಾದ್ರೆ ಪೈಪ್ ಸೋರುವುದು ನಿಮಗೆ ಮೊದಲೇ ಗೊತ್ತಿತ್ತಾ ಮಾರಾಯ್ರೆ?”

ಕೆರೆ ತುಂಬಿದ್ದು

ಮಳೆಗಾಲದಲ್ಲಿ, ನಮ್ಮ ನಳಗಳಿಗೆ ನೀರು ಕೊಡುವ ಕಾಡಿನೊಳಗಿನ ಕೆರೆ ತುಂಬಿ ಹರಿಯಿತು. “ಎಲ್ಲ ನಿಮ್ಮ ಗಿಡಗಳ ಪುಣ್ಯ” ಎಂದು ಬಿಲ್ಡಿಂಗ್ ಮಂದಿ ಅವರಿಗೆ ಪೇಡೆ ಕೊಟ್ಟರು. ಪೇಡೆಯ ಊರಿನವನು ನಾನು, ಪೇಡೆ ಅವರಿಗೆ! ಅದೇ ದಿನ ನಳದಲ್ಲಿ ಕೆಂಪು ನೀರು ಬಂತು. ಅದನ್ನು ಬಾಟಲಿಯಲ್ಲಿ ತುಂಬಿ ನನಗೆ ತಂದುಕೊಟ್ಟರು.

“ನೋಡು, ಕೆರೆ ಅವರದು, ಕೆಸರು ನಂದು” ಎಂದು ಹೆಂಡತಿಯ ಮುಂದೆ ಗೋಳಾಡಿದೆ.

“ಪೇಡೆ ಛಲೋ ಅದಾವ್ರಿ. ಅವ್ರ ಮನಿಯಿಂದನ ಕಳಿಸ್ಯಾರ” ಎಂದಳು, ಬಾಯಿ ತುಂಬಿಕೊಂಡು.

ತಿನ್ನಲೇಬಾರದು ಎಂದು ಹಟ ಹಿಡಿದೆ. ಎರಡೇ ತಿಂದೆ.

ಗಿಡ ನೆಟ್ಟದ್ದು

ಕಾಡು ಉಳಿದರೆ ಕೆರೆ, ಕೆರೆ ಉಳಿದರೆ ನಳ. ಆದ್ದರಿಂದ ಎರಡೂ ಇಲಾಖೆಗೆ ಇನ್ನು ಒಂದೇ ನೀತಿ ಎಂದು ಮೇಲಿನಿಂದ ಆದೇಶ ಬಂತು. ಎರಡನ್ನೂ ಕೂಡಿಸಲು ಒಬ್ಬ ಸಮನ್ವಯ ಅಧಿಕಾರಿ, ಅವನಿಗೊಂದು ಜೀಪು. ಕೊನೆಗೆ ಸ್ಪರ್ಧೆಯಲ್ಲಿ ಉಳಿದವರು ನಾವಿಬ್ಬರೇ. ಜೀಪಿನಲ್ಲಿ ಅವರು ಕೂತಂತೆ ಕನಸು ಬಿದ್ದು ನಾನು ಸೊರಗಿಹೋದೆ.

ಬಾಂದ್ರಾ ಆಫೀಸಿನ ದೊಡ್ಡ ಸಾಹೇಬರು ಗಿಡ ನೆಟ್ಟು ಯೋಜನೆ ಶುರು ಮಾಡುವುದು, ಆಯ್ಕೆಯಾದ ಅಧಿಕಾರಿಯ ಹೆಸರನ್ನೂ ಅಲ್ಲೇ ಹೇಳುವುದು ಎಂದಾಯಿತು. ಜಾಗ ಆರಿಸಿದ್ದು ಎದುರು ಮನೆಯವರು, ನಮ್ಮ ಬಿಲ್ಡಿಂಗ್ ಹಿಂದಿನ ಕಾಡಂಚಿನಲ್ಲಿ. ನೆಲದ ಕೆಳಗೆ ಏನಿದೆ ಎಂದು ನನ್ನನ್ನೊಂದು ಮಾತು ಕೇಳಲಿಲ್ಲ.

ಹಾರೆ ಹಾಕಿದ್ದೇ ತಡ, ಪೈಪ್ ಒಡೆದು ನೀರು ಆಳೆತ್ತರ ಚಿಮ್ಮಿತು. ಅವರ ಮುಖ ಬಿಳಿಚಿಕೊಂಡಿತು. ನನ್ನ ಹೊಟ್ಟೆ ತಣ್ಣಗಾಯಿತು. ಜೀಪು ಇನ್ನು ನನ್ನದೇ!

ತೊಯ್ದು ತೊಪ್ಪೆಯಾದ ಸಾಹೇಬರು ಎರಡೂ ಕೈ ಮೇಲೆತ್ತಿದರು. “ನೋಡಿ! ಗಿಡ ಇಡುವ ಮೊದಲೇ ನೀರು! ನನಗೆ ಬೇಕಾದ ಅಧಿಕಾರಿ ಇವರೇ!” ಎಂದು ಹಿಂದಿಯಲ್ಲಿ ಕೂಗಿ ಎದುರು ಮನೆಯವರ ಬೆನ್ನು ತಟ್ಟಿದರು. ಅದು ಪೈಪು ಎಂದು ಸಾಹೇಬರಿಗೆ ಹೇಳುವವರು ಯಾರು? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ನನ್ನ ಮೇಲಧಿಕಾರಿ ನನ್ನ ಪಕ್ಕೆ ತಿವಿದು, “ತಾಲಿ ಬಜಾ” ಎಂದರು. ಚಪ್ಪಾಳೆ ತಟ್ಟಿದೆ.

ಎದುರು ಮನೆಯವರು ಜೀಪಿನಲ್ಲಿ ಹೋದರು. ನಾನು ಒದ್ದೆ ಪ್ಯಾಂಟಿನಲ್ಲಿ ನಡೆದುಕೊಂಡು ಬಂದೆ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಒಡೆದದ್ದು ನಮ್ಮ ಬಿಲ್ಡಿಂಗಿಗೆ ಬರುವ ಪೈಪೇ ಆದ್ದರಿಂದ ಹೆಂಡತಿ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಅವ್ರು ಬರೇ ನೆಲದಾಗ ನೀರು ಎಬ್ಬಿಸಿದ್ರಂತ. ನಿಮಗ ಮನಿ ನಳದಾಗ ತರಾಕ ಆಗೂದಿಲ್ಲೇನ್ರಿ?”